ಸುವಾಸನೆಯ ಗಡ್ಡೆಹೂಗಳು: ದಕ್ಷಿಣ ಬೆಂಗಳೂರಿನ ಮನೆತೋಟದಲ್ಲಿ

ಗಡ್ಡೆಹೂ: ನೆಲದೊಳಗೆ ಆಹಾರ ಕೂಡಿಟ್ಟುಕೊಂಡು, ಒಗ್ಗದ ಕಾಲದಲ್ಲಿ ಎಲೆ ಒಣಗಿಸಿ ಸುಮ್ಮನಿದ್ದು, ಕಾಲ ಬಂದಾಗ ಚಿಗುರಿ ಹೂ ಬಿಡುವ ಸಸ್ಯಗಳ ಸಾಮಾನ್ಯ ಹೆಸರು. ಈರುಳ್ಳಿಯಂತೆ ಪದರ ಪದರವಾಗಿರುವ ಲಶುನ, ಕೆಸುವಿನಂತೆ ಇಡಿಯಾಗಿ ಗಟ್ಟಿಯಿರುವ ಗಡ್ಡೆ, ಶುಂಠಿಯಂತೆ ಅಡ್ಡಡ್ಡ ಹರಿಯುವ ಬೇರುಕಾಂಡ ಮೂರೂ ಸಸ್ಯಶಾಸ್ತ್ರದಲ್ಲಿ ಬೇರೆ ಬೇರೆ. ತೋಟ ಮಾಡುವವರಿಗೆ ಮಾತ್ರ ಎಲ್ಲವೂ ಗಡ್ಡೆಯೇ. ಇವುಗಳಲ್ಲಿ ಸುವಾಸನೆಗೆಂದೇ ಬೆಳೆಸುವ ಕೆಲವನ್ನು ಜಯನಗರ, ಜೆ.ಪಿ. ನಗರ, ಬನಶಂಕರಿ, ಬಿಟಿಎಂ ಬಡಾವಣೆಗಳ ಮನೆಯಂಗಳ, ತಾರಸಿ ಮತ್ತು ಬಾಲ್ಕನಿಗಳ ಮಟ್ಟಿಗೆ ಇಲ್ಲಿ ವಿವರಿಸಲಾಗಿದೆ. ಸುಗಂಧರಾಜ, ನೆಲಸಂಪಿಗೆ, ಸುರುಳಿ ಹೂ, ಸ್ಪೈಡರ್ ಲಿಲ್ಲಿ, ಕ್ರೈನಮ್ ಮತ್ತು ಯೂಕ್ಯಾರಿಸ್ ಇವುಗಳಲ್ಲಿ ಮುಖ್ಯವಾದವು.

ಹವಾಗುಣ ಮತ್ತು ವಸಂತ

ವಸಂತದ ಗಡ್ಡೆಹೂ ಎಂದೊಡನೆ ತೋಟಗಾರಿಕೆಯ ಪುಸ್ತಕಗಳು ತೋರಿಸುವುದು ಟ್ಯುಲಿಪ್, ಹಯಸಿಂತ್, ಡ್ಯಾಫೊಡಿಲ್‌ಗಳನ್ನು. ಇವುಗಳ ನಿದ್ದೆ ಮುರಿಯುವುದು ಚಳಿ. ಟ್ಯುಲಿಪ್ ಗಡ್ಡೆಗೆ ಸುಮಾರು 9 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿನ ತಂಪು ಮೂರು ತಿಂಗಳಾದರೂ ಎಡೆಬಿಡದೆ ಸಿಗಬೇಕು. ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿರುವ ಬೆಂಗಳೂರು ತಂಪಿನ ಊರೆಂದು ಹೆಸರಾದರೂ ಜನವರಿಯ ರಾತ್ರಿಗಳ ಸರಾಸರಿ ಉಷ್ಣತೆ 15-16 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಇಲ್ಲಿ ದಾಖಲಾದ ಅತಿ ಚಳಿಯ ರಾತ್ರಿ 1884ರ ಜನವರಿಯದು. ಅಂದಿನ ಉಷ್ಣತೆ 7.8 ಡಿಗ್ರಿ. ಊರಿನ ಚರಿತ್ರೆಯಲ್ಲೇ ಅತ್ಯಂತ ಚಳಿಯಾಗಿದ್ದ ಆ ಒಂದು ರಾತ್ರಿಯಂಥವು ನೂರು ಒಟ್ಟಿಗೆ ಬಂದರೆ ಜಯನಗರದಲ್ಲಿ ಟ್ಯುಲಿಪ್ ತಾನಾಗಿ ಅರಳೀತು. ಶ್ರೀನಗರದಲ್ಲಿ 2007ರಲ್ಲಿ ತೆರೆದ ಟ್ಯುಲಿಪ್ ಉದ್ಯಾನಕ್ಕೆ ಕಾಶ್ಮೀರದ ಚಳಿಗಾಲ ಧಾರಾಳವಾಗಿ ಕೊಡುವುದನ್ನು ಬೆಂಗಳೂರಿನಲ್ಲಿ ಫ್ರಿಜ್ ಕೊಡಬೇಕಾಗುತ್ತದೆ.

ಬೆಂಗಳೂರಿನ ಗಡ್ಡೆಹೂಗಳು ಲೆಕ್ಕ ಹಿಡಿಯುವುದು ಚಳಿಯಿಂದಲ್ಲ, ನೀರಿನಿಂದ. ಡಿಸೆಂಬರಿನಿಂದ ಮಾರ್ಚ್‌ವರೆಗೆ ಇಲ್ಲಿ ಮಳೆ ಇಲ್ಲವೆನ್ನುವಷ್ಟು ಕಡಿಮೆ. ಏಪ್ರಿಲ್‌ನಲ್ಲಿ ಹಗಲಿನ ಉಷ್ಣತೆ ಸರಾಸರಿ 34 ಡಿಗ್ರಿಯವರೆಗೆ ಏರುತ್ತದೆ. ಆ ಸೆಕೆಯ ನಡುವೆ ಸಂಜೆಯ ಹೊತ್ತು ಗುಡುಗಿ ಸುರಿಯುವ ಮಾವಿನ ಮಳೆಯೇ ಗಡ್ಡೆಗಳಿಗೆ ಕರೆ. ಮಳೆ ನಕ್ಷತ್ರಗಳ ಲೆಕ್ಕದಲ್ಲಿ ಇದು ಅಶ್ವಿನಿ, ಭರಣಿ, ಕೃತ್ತಿಕೆಗಳ ಕಾಲ. ಏಪ್ರಿಲ್ ನಡುವಿನಿಂದ ಮೇ ಕೊನೆಯ ವಾರದವರೆಗೆ. ಭರಣಿ ಸುರಿದರೆ ಧರಣಿ ಬದುಕೀತು ಎಂಬ ಗಾದೆಯನ್ನು ರೈತರು ಹೊಲಕ್ಕೆ ಹೇಳಿಕೊಂಡಿದ್ದು. ಅದು ಹೂವಿನ ಕುಂಡಕ್ಕೂ ಸಲ್ಲುತ್ತದೆ. ಬಯಲುಸೀಮೆಯ ಕುರುಚಲು ಕಾಡಿನ ಕಾಡು ಈರುಳ್ಳಿ ಎಲೆಯಿಲ್ಲದೆ ಹೂದಂಡು ಎತ್ತುವುದೂ ಬೇಸಿಗೆಯಲ್ಲೇ. ನಾಲ್ಕು ತಿಂಗಳ ಒಣಗು, ಆಮೇಲೆ ಒಂದು ಒಳ್ಳೆಯ ಮಳೆ ಎಂಬ ಈ ಕ್ರಮಕ್ಕೆ ಒಗ್ಗಿದ ಗಡ್ಡೆಗಳು ಇಲ್ಲಿ ವರ್ಷ ವರ್ಷವೂ ಹೂ ಕೊಡುತ್ತವೆ. ಚಳಿಯನ್ನೇ ಕಾಯುವ ಗಡ್ಡೆಗಳು ಒಂದು ಸಲ ಹೂ ಬಿಟ್ಟು ಕೊಳೆಯುತ್ತವೆ.

ಹಿನ್ನೆಲೆ

ದಕ್ಷಿಣ ಬೆಂಗಳೂರಿನ ಮನೆತೋಟಗಳ ತವರು ಲಾಲ್‌ಬಾಗ್. ಹೈದರಾಲಿ 1760ರಲ್ಲಿ ಆರಂಭಿಸಿದ ಈ ತೋಟ ಮುಂದೆ ದೂರದೇಶದ ಗಿಡಗಳನ್ನು ತರಿಸಿ, ಒಗ್ಗಿಸಿ, ಹಂಚುವ ಕೇಂದ್ರವಾಯಿತು. 20ನೆಯ ಶತಮಾನದ ಆರಂಭದಲ್ಲಿ ಅದರ ಮೇಲ್ವಿಚಾರಕರಾಗಿ ಬಂದ ಜರ್ಮನಿಯ ಜಿ.ಎಚ್. ಕ್ರುಂಬಿಗಲ್ ಊರಿನ ಬೀದಿಮರಗಳ ಜೊತೆಗೆ ಮನೆತೋಟದ ರುಚಿಯನ್ನೂ ರೂಪಿಸಿದರು. ಗಣರಾಜ್ಯೋತ್ಸವ, ಸ್ವಾತಂತ್ರ್ಯೋತ್ಸವಗಳ ಸಮಯದಲ್ಲಿ ಗಾಜಿನಮನೆಯಲ್ಲಿ ನಡೆಯುವ ಫಲಪುಷ್ಪ ಪ್ರದರ್ಶನಕ್ಕೆ ಹೋಗಿ ಗಿಡವೋ ಗಡ್ಡೆಯೋ ಒಂದನ್ನು ಹಿಡಿದು ಮನೆಗೆ ಬರುವುದು ಈ ಭಾಗದ ಕುಟುಂಬಗಳ ರೂಢಿ. ಲಾಲ್‌ಬಾಗಿಗೆ ಅಂಟಿಕೊಂಡ ಸಿದ್ಧಾಪುರದ ನರ್ಸರಿಗಳು ಜಯನಗರಕ್ಕೆ ಕೂಗಳತೆಯ ದೂರ. ಜಯನಗರ ಬಡಾವಣೆ ಮೂಡಿದ್ದು 1940ರ ದಶಕದ ಕೊನೆಯಲ್ಲಿ. ಕಾಂಪೌಂಡಿನೊಳಗೆ ನಾಲ್ಕಡಿ ಮಣ್ಣು ಬಿಟ್ಟು ಕಟ್ಟಿದ ಅಲ್ಲಿನ ಹಳೆಯ ಮನೆಗಳಲ್ಲಿ ಸಂಪಿಗೆ, ಪಾರಿಜಾತಗಳ ಬುಡದಲ್ಲಿ ಗಡ್ಡೆಹೂಗಳಿಗೂ ಜಾಗವಿತ್ತು.

ಸುಗಂಧರಾಜದ ಮಟ್ಟಿಗೆ ಇನ್ನೊಂದು ಹೆಸರು ಮುಖ್ಯ: ಊರಿನ ವಾಯವ್ಯಕ್ಕಿರುವ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ. 1967ರಲ್ಲಿ ಸ್ಥಾಪನೆಯಾದ ಈ ಸಂಸ್ಥೆ ಶೃಂಗಾರ್, ಸುವಾಸಿನಿ, ಪ್ರಜ್ವಲ್, ವೈಭವ್, ಅರ್ಕ ನಿರಂತರ ಮೊದಲಾದ ಸುಗಂಧರಾಜದ ತಳಿಗಳನ್ನು ಹೊರತಂದಿದೆ. ದೇಶದ ಹೂಬೆಳೆಗಾರರಲ್ಲಿ ಹರಡಿದ ಈ ತಳಿಗಳು ಹುಟ್ಟಿದ್ದು ಬೆಂಗಳೂರಿನ ಗಾಳಿಯಲ್ಲೇ ಆದ್ದರಿಂದ ಇಲ್ಲಿನ ಮನೆತೋಟಕ್ಕೆ ಅವು ಪರಕೀಯವಲ್ಲ.

ಮುಖ್ಯ ಬಗೆಗಳು

ಸುಗಂಧರಾಜ: ಮೆಕ್ಸಿಕೊ ಮೂಲದ ಗಿಡ. ಹಿಂದಿ, ಬಂಗಾಳಿಗಳಲ್ಲಿ ರಜನಿಗಂಧ. ಆಜ್ಟೆಕ್ ಜನ ಇದನ್ನು ಮೂಳೆಹೂ ಎಂಬ ಅರ್ಥದ ಹೆಸರಿನಿಂದ ಕರೆಯುತ್ತಿದ್ದರು. ಬಿಳುಪನ್ನು ಕಂಡಿಟ್ಟ ಹೆಸರದು. ಲಿನೇಯಸ್ 1753ರಲ್ಲಿ ಪಾಲಿಯಾಂತಸ್ ಟ್ಯೂಬರೋಸ ಎಂದು ಹೆಸರಿಸಿದ ಈ ಗಿಡವನ್ನು ಸಸ್ಯಶಾಸ್ತ್ರಜ್ಞರು ಈಚೆಗೆ ಕತ್ತಾಳೆಯ ಜಾತಿಗೆ ಸೇರಿಸಿ ಅಗಾವೆ ಅಮಿಕ ಎನ್ನುತ್ತಾರೆ. ಹುಲ್ಲಿನಂತಹ ಎಲೆಗಳ ನಡುವಿನಿಂದ ಎರಡು-ಮೂರು ಅಡಿಯ ಹೂದಂಡು ಎದ್ದು, ಮೊಗ್ಗುಗಳು ಕೆಳಗಿನಿಂದ ಮೇಲಕ್ಕೆ ಜೋಡಿ ಜೋಡಿಯಾಗಿ ಅರಳುತ್ತವೆ. ಹಗಲಲ್ಲಿ ಸಾಧಾರಣವಾಗಿರುವ ಕಂಪು ಕತ್ತಲಾದ ಮೇಲೆ ಏರುತ್ತದೆ. ಉದ್ದ ಸೊಂಡಿಲಿನ ಪತಂಗಗಳನ್ನು ಕರೆಯಲೆಂದು ಗಿಡ ಇಟ್ಟುಕೊಂಡ ವೇಳಾಪಟ್ಟಿ ಅದು.

ಹೂವಿನ ವ್ಯಾಪಾರಿಗಳು ಇದನ್ನು ಸಿಂಗಲ್, ಡಬಲ್ ಎಂದು ವಿಂಗಡಿಸುತ್ತಾರೆ. ಆರು ಎಸಳುಗಳ ಒಂದೇ ಸುತ್ತಿರುವ ಸಿಂಗಲ್‌ಗೆ ಪರಿಮಳ ಹೆಚ್ಚು. ಕೆ.ಆರ್. ಮಾರುಕಟ್ಟೆಯಲ್ಲಿ ಬಿಡಿ ಹೂವಾಗಿ ತೂಕಕ್ಕೆ ಬಿಕರಿಯಾಗಿ ಮದುವೆಯ ಹಾರವಾಗುವುದು ಇದೇ. ಹಲವು ಸುತ್ತಿನ ಡಬಲ್ ಹೂದಾನಿಗೆ ಚೆಂದ. ಅದರ ಮೊಗ್ಗಿನ ತುದಿಯಲ್ಲಿ ನಸುಗೆಂಪು ಛಾಯೆ ಇರುತ್ತದೆ. ಶೃಂಗಾರ್ ಮತ್ತು ಪ್ರಜ್ವಲ್ ಸಿಂಗಲ್ ತಳಿಗಳು, ವೈಭವ್ ಅರೆ ಡಬಲ್, ಸುವಾಸಿನಿ ಡಬಲ್. ಮನೆಯ ಕಿಟಕಿಯ ಕೆಳಗೆ ನೆಡುವುದು ಪರಿಮಳಕ್ಕಾದರೆ ಸಿಂಗಲ್ಲೇ ಸರಿ.

ನೆಲಸಂಪಿಗೆ: ಹೆಸರಿಗೆ ತಕ್ಕಂತೆ ನೆಲದಿಂದಲೇ ಅರಳುವ ಹೂ. ಶುಂಠಿಯ ಕುಟುಂಬದ್ದು, ಕೆಂಪ್ಫೇರಿಯ ರೊಟಂಡ ಎಂಬುದು ಶಾಸ್ತ್ರೀಯ ಹೆಸರು. ಬೆಂಗಳೂರಿನ ಯುಗಾದಿಯ ಹೂ ಎನ್ನಬಹುದಾದ ಗಡ್ಡೆಗಿಡ ಇದೊಂದೇ. ಮಾರ್ಚ್ ಕೊನೆಯಲ್ಲಿ ಕುಂಡದಲ್ಲಿ ಕಾಣುವುದು ಬಿರುಕು ಬಿಟ್ಟ ಮಣ್ಣು ಮಾತ್ರ. ಎಲೆಯ ಗುರುತೂ ಇಲ್ಲ. ಒಂದು ಮಳೆ ಬಿದ್ದ ಕೆಲವೇ ದಿನಗಳಲ್ಲಿ ಅದೇ ಮಣ್ಣನ್ನು ಸೀಳಿಕೊಂಡು ಹೂ ಮೇಲೇಳುತ್ತದೆ: ಕಿರಿದಾದ ಬಿಳಿ ಎಸಳುಗಳು, ನೆಟ್ಟಗೆ ನಿಂತ ಎರಡು ಬಿಳಿ ಪಕಳೆ, ಮುಂದೆ ಬಾಗಿ ಎರಡಾಗಿ ಸೀಳಿದ ನೇರಳೆ ತುಟಿ. ದಂಟಿಲ್ಲದ್ದರಿಂದ ಮೂಸಿ ನೋಡಲು ಮಂಡಿಯೂರಬೇಕು. ಒಂದು ಹೂವಿನ ಆಯುಸ್ಸು ಒಂದೇ ದಿನ. ಆದರೆ ಒಂದು ಬಾಡುವಷ್ಟರಲ್ಲಿ ಪಕ್ಕದಲ್ಲಿ ಇನ್ನೊಂದು ಏಳುತ್ತದೆ. ಹೂವಿನ ಸರದಿ ಮುಗಿದ ಮೇಲೆ ಮೇಲ್ಗಡೆ ಬೂದುಹಸಿರಿನ ಚಿತ್ತಾರ, ಕೆಳಗಡೆ ನೇರಳೆ ಬಣ್ಣ ಇರುವ ಎಲೆಗಳು ಸುರುಳಿ ಬಿಚ್ಚಿಕೊಂಡು ಮಳೆಗಾಲವಿಡೀ ನಿಲ್ಲುತ್ತವೆ.

ಹೆಸರಿನ ಗೊಂದಲವೊಂದನ್ನು ಇಲ್ಲಿ ಹೇಳಬೇಕು. ತೆಲುಗಿನ ನೇಲಸಂಪೆಂಗ, ತಮಿಳಿನ ಸಂಪಂಗಿ ಎಂದರೆ ಸುಗಂಧರಾಜ. ಮೂರು ಭಾಷೆಗಳೂ ಓಡಾಡುವ ಬೆಂಗಳೂರಿನ ಹೂವಿನಂಗಡಿ, ನರ್ಸರಿಗಳಲ್ಲಿ ನೆಲಸಂಪಿಗೆ ಕೇಳಿದವರಿಗೆ ಸುಗಂಧರಾಜದ ಗಡ್ಡೆ ಸಿಕ್ಕರೆ ಆಶ್ಚರ್ಯವಿಲ್ಲ. ಗುರುತು ಸುಲಭ: ಸುಗಂಧರಾಜದ್ದು ಸಾಂಬಾರ್ ಈರುಳ್ಳಿಯ ಹಾಗೆ ಕಂದು ಸಿಪ್ಪೆ ಹೊದ್ದು ಮೇಲ್ತುದಿ ಚೂಪಾದ ಗಡ್ಡೆ, ನೆಲಸಂಪಿಗೆಯದು ಬೇರಿನ ತುದಿಯಲ್ಲಿ ಪುಟ್ಟ ಗುಂಡುಗಳು ಜೋತಾಡುವ, ಕೆರೆದರೆ ಘಮ್ಮೆನ್ನುವ ಶುಂಠಿ.

ಸುರುಳಿ ಹೂ: ಮಲೆನಾಡು, ಕರಾವಳಿಗಳಲ್ಲಿ ಸುಗಂಧಿ ಎಂದೂ ಹೆಸರು. ಇದೂ ಶುಂಠಿಯ ಕುಟುಂಬದ್ದೇ, ಹೆಡೀಕಿಯಮ್ ಕೊರೊನೇರಿಯಮ್. ಆಳೆತ್ತರದ ದಂಟಿನ ತುದಿಯಲ್ಲಿ ಸುರುಳಿ ಸುತ್ತಿದ ಮೊಗ್ಗುಗಳು ಸಂಜೆ ಬಿಚ್ಚಿಕೊಂಡು ಬಿಳಿ ಚಿಟ್ಟೆಗಳಂತಾಗುತ್ತವೆ. ಹಿಮಾಲಯದ ತಪ್ಪಲಿನಿಂದ ಆಗ್ನೇಯ ಏಷ್ಯದವರೆಗಿನ ಈ ಗಿಡ ಸಾಗರ ದಾಟಿ ಕ್ಯೂಬಾದ ರಾಷ್ಟ್ರಪುಷ್ಪವಾಗಿದೆ. ಬೆಂಗಳೂರಿನಲ್ಲಿ ಹೂ ಬಿಡುವುದು ಮಳೆಗಾಲದಲ್ಲಿ, ಗೌರಿ-ಗಣೇಶ ಹಬ್ಬದ ಆಚೀಚೆ. ಉಳಿದವುಗಳಂತೆ ಇದನ್ನು ಪೂರ್ತಿ ಒಣಗಿಸಬಾರದು. ಬಟ್ಟೆ ಒಗೆಯುವ ಕಲ್ಲಿನ ಬದಿ, ನಲ್ಲಿಯ ಪಕ್ಕದಂತಹ ಸದಾ ತೇವವಿರುವ ಅರೆನೆರಳಿನ ಜಾಗ ಇದಕ್ಕೆ ಮೆಚ್ಚು.

ಸ್ಪೈಡರ್ ಲಿಲ್ಲಿ ಮತ್ತು ಕ್ರೈನಮ್: ಊರಿನ ಉದ್ಯಾನ, ರಸ್ತೆವಿಭಜಕಗಳಲ್ಲಿ ಸಾಲಾಗಿ ಕಾಣುವ, ಪಟ್ಟಿಯಂತೆ ಉದ್ದನೆಯ ಎಲೆಯ ಗಡ್ಡೆಗಿಡಗಳು. ಸ್ಪೈಡರ್ ಲಿಲ್ಲಿ ಅಮೆರಿಕ ಖಂಡದ ಉಷ್ಣವಲಯದ್ದು. ಜೇಡನ ಕಾಲಿನಂತಹ ಆರು ಸಪೂರ ಎಸಳು, ಕೇಸರಗಳನ್ನು ಕೂಡಿಸುವ ತೆಳ್ಳನೆಯ ಬಿಳಿ ಬಟ್ಟಲು ಇದರ ಗುರುತು. ಕ್ರೈನಮ್‌ನಲ್ಲಿ ಆ ಬಟ್ಟಲಿಲ್ಲ. ಗಡ್ಡೆಯೂ ಗಿಡವೂ ದೊಡ್ಡವು. ಎರಡರ ಸುವಾಸನೆಯೂ ಸಂಜೆಯದು. ಆರೈಕೆ ಹೆಚ್ಚು ಬೇಡದ ಗಿಡ ಬೇಕೆನ್ನುವವರಿಗೆ ಇವು ತಕ್ಕವು.

ಯೂಕ್ಯಾರಿಸ್: ದಕ್ಷಿಣ ಅಮೆರಿಕದ ಮಳೆಕಾಡಿನ ಗಿಡ, ಅಮೆಜಾನ್ ಲಿಲ್ಲಿ ಎಂದೂ ಮಾರುತ್ತಾರೆ. ಅಗಲವಾದ ಕಡುಹಸಿರು ಎಲೆ, ತಲೆ ಬಾಗಿಸಿದ ಬಿಳಿ ಹೂ, ಹಿತವಾದ ಕಂಪು. ಬಿಸಿಲು ತಾಗದ ಜಾಗದಲ್ಲೂ ಹೂ ಬಿಡುವುದು ಇದರ ಹೆಚ್ಚುಗಾರಿಕೆ. ಕುಂಡದಲ್ಲಿ ಗಡ್ಡೆಗಳು ಇಕ್ಕಟ್ಟಾದಷ್ಟೂ ಒಳ್ಳೆಯದು. ಮೂರು-ನಾಲ್ಕು ವಾರ ನೀರು ತಗ್ಗಿಸಿ ಮತ್ತೆ ಹನಿಸಿದರೆ ಹೂದಂಡು ಹೊರಡುತ್ತದೆ.

ಕಂಪಿಲ್ಲದ ನೆಂಟರು: ಏಪ್ರಿಲ್‌ನಲ್ಲಿ ಕೆಂಪು ತುತ್ತೂರಿಯಂತೆ ಅರಳುವ ಅಮರಿಲ್ಲಿಸ್, ಮೇ ತಿಂಗಳ ಕೆಂಪು ಚೆಂಡಿನಂತಹ ಮೇ ಫ್ಲವರ್, ಮಳೆ ಬಿದ್ದ ಎರಡು-ಮೂರು ದಿನಕ್ಕೇ ನೆಲ ತುಂಬುವ ಗುಲಾಬಿ ಬಣ್ಣದ ರೇನ್ ಲಿಲ್ಲಿ ಇವು ನೋಡಲು ಸೊಗಸಾದರೂ ವಾಸನೆಗೆ ಸಲ್ಲವು.

ಚಳಿನಾಡಿನ ಗಡ್ಡೆಗಳು: ಹಯಸಿಂತ್ ಗಡ್ಡೆಯನ್ನು ಕಾಗದದ ಚೀಲದಲ್ಲಿ ಹಾಕಿ ಫ್ರಿಜ್ಜಿನ ತರಕಾರಿ ಡಬ್ಬಿಯಲ್ಲಿ 10-12 ವಾರ ಇಟ್ಟು, ಆಮೇಲೆ ನೀರು ತುಂಬಿದ ಗಾಜಿನ ಲೋಟದ ಮೇಲೆ ಕೂರಿಸಿದರೆ ಮನೆಯೊಳಗೆ ಹೂ ಪಡೆಯಬಹುದು. ಸೇಬು, ಬಾಳೆಹಣ್ಣುಗಳನ್ನು ಜೊತೆಗಿಡಬಾರದು. ಮಾಗುವ ಹಣ್ಣಿನಿಂದ ಹೊಮ್ಮುವ ಎಥಿಲೀನ್ ಒಳಗಿನ ಮೊಗ್ಗನ್ನು ಕೆಡಿಸುತ್ತದೆ. ನರ್ಗಿಸ್‌ನ ಪೇಪರ್‌ವೈಟ್ ಎಂಬ ಬಗೆಗೆ ಈ ಚಳಿಯ ಉಪಚಾರವೂ ಬೇಡ. ನವೆಂಬರಿನಲ್ಲಿ ಬೆಣಚುಕಲ್ಲು ತುಂಬಿದ ಬಟ್ಟಲಲ್ಲಿಟ್ಟು ಬುಡಕ್ಕೆ ತಾಗುವಷ್ಟು ನೀರು ಹಾಕಿದರೆ ನಾಲ್ಕಾರು ವಾರಗಳಲ್ಲಿ ಅರಳುತ್ತದೆ. ದಕ್ಷಿಣ ಆಫ್ರಿಕದ ಫ್ರೀಸಿಯಾವನ್ನು ಅಕ್ಟೋಬರಿನಲ್ಲಿ ನೆಟ್ಟರೆ ಎಲೆ ಬರುವುದು ಖಂಡಿತ. ಹೂ ಬರುವುದು ಆ ವರ್ಷದ ಚಳಿಯನ್ನು ಅವಲಂಬಿಸಿದೆ. ಇವೆಲ್ಲ ಇಲ್ಲಿ ಒಂದು ಸಲದ ಸಂಭ್ರಮ. ಮರುವರ್ಷ ಅದೇ ಗಡ್ಡೆಯಿಂದ ಹೂ ನಿರೀಕ್ಷಿಸುವಂತಿಲ್ಲ.

ಜಾಗ ಮತ್ತು ಮಣ್ಣು

ಒಂದೇ ಭಾಗದ ಬಡಾವಣೆಗಳಾದರೂ ತೋಟದ ಲೆಕ್ಕದಲ್ಲಿ ಇವು ಒಂದೇ ತರಹ ಅಲ್ಲ. ಜಯನಗರದ ಹಳೆಯ ನಿವೇಶನಗಳಲ್ಲಿ ಮಣ್ಣಿದೆ, ಆದರೆ ಬೀದಿಮರಗಳ ನೆರಳು ದಟ್ಟ. ಅಲ್ಲಿ ಸುರುಳಿ ಹೂ, ನೆಲಸಂಪಿಗೆ ಸುಖವಾಗಿರುತ್ತವೆ. ಬನಶಂಕರಿ, ಜೆ.ಪಿ. ನಗರಗಳ 30x40 ಅಡಿಯ ನಿವೇಶನಗಳಲ್ಲಿ ಮನೆ ಅಂಚಿನವರೆಗೂ ಬಂದಿರುವುದರಿಂದ ತೋಟ ತಾರಸಿಗೆ ಏರಿದೆ. ಇಡೀ ದಿನದ ಬಿಸಿಲು ಸಿಗುವ ಅದು ಸುಗಂಧರಾಜದ ಜಾಗ. ಬಿಟಿಎಂ ಬಡಾವಣೆಯ ಒತ್ತೊತ್ತಾದ ಬಾಡಿಗೆ ಕಟ್ಟಡಗಳ ಬಾಲ್ಕನಿಗೆ ದಿನಕ್ಕೆ ಎರಡು ಗಂಟೆ ಬಿಸಿಲು ಬಿದ್ದರೆ ಹೆಚ್ಚು, ಅಲ್ಲಿಗೆ ಯೂಕ್ಯಾರಿಸ್.

ಬೆಂಗಳೂರಿನ ಕೆಂಪುಮಣ್ಣು ನೀರನ್ನು ಬೇಗ ಬಸಿಯುತ್ತದೆ, ಆದ್ದರಿಂದ ಗಡ್ಡೆಗೆ ಒಳ್ಳೆಯದು. ತೊಂದರೆ ಕೊಡುವುದು ಮನೆ ಕಟ್ಟಿದಾಗ ಅಂಗಳಕ್ಕೆ ತುಂಬಿದ ಸಿಮೆಂಟು, ಇಟ್ಟಿಗೆ ಚೂರು. ಸಿಮೆಂಟಿನ ಸುಣ್ಣ ಸೇರಿದ ಮಣ್ಣಿನಲ್ಲಿ ಎಲೆಗಳು ಹಳದಿಯಾಗುತ್ತವೆ. ಅಂಥಲ್ಲಿ ಒಂದಡಿ ಮಣ್ಣು ತೆಗೆದು ಬೇರೆ ತುಂಬಬೇಕು. ಕುಂಡಕ್ಕೆ ಎರಡು ಪಾಲು ಕೆಂಪುಮಣ್ಣು, ಒಂದು ಪಾಲು ದಪ್ಪ ಮರಳು, ಒಂದು ಪಾಲು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಅಥವಾ ಎರೆಗೊಬ್ಬರ, ಒಂದು ಹಿಡಿ ಬೇವಿನ ಹಿಂಡಿ ಸಾಕು. ತೆಂಗಿನ ನಾರಿನ ಪುಡಿಯನ್ನು ಹೆಚ್ಚು ಬೆರೆಸಿದರೆ ಮಳೆಗಾಲದಲ್ಲಿ ತೇವ ನಿಂತು ಗಡ್ಡೆ ಕೊಳೆಯುತ್ತದೆ. ಹಸಿ ಸಗಣಿ ಬುಡಕ್ಕೆ ತಾಗಿದರೂ ಅದೇ ಗತಿ. ಕೊಳವೆಬಾವಿಯ ಗಡಸು ನೀರಿನಿಂದ ಕುಂಡದ ಮೇಲೆ ಬಿಳಿ ಪೊರೆ ಕಟ್ಟುತ್ತದೆ. ಕೂಡಿಟ್ಟ ಮಳೆನೀರನ್ನು ಆಗಾಗ ಧಾರಾಳವಾಗಿ ಹುಯ್ದರೆ ಆ ಉಪ್ಪು ಇಳಿದುಹೋಗುತ್ತದೆ.

ನೆಡುವುದು, ನೋಡಿಕೊಳ್ಳುವುದು

ಸುಗಂಧರಾಜವನ್ನು ನೆಡಲು ಯುಗಾದಿಯಿಂದ ಮೇ ಕೊನೆಯವರೆಗಿನ ಕಾಲ ತಕ್ಕುದು. ಅಡಿಕೆ ಗಾತ್ರಕ್ಕಿಂತ ದಪ್ಪದ, ಒತ್ತಿದರೆ ಮೆತ್ತಗಾಗದ ಗಡ್ಡೆ ಆರಿಸಬೇಕು. ಸಣ್ಣವು ಮೊದಲ ವರ್ಷ ಎಲೆಯಲ್ಲೇ ನಿಲ್ಲುತ್ತವೆ. 12 ಅಂಗುಲದ ಕುಂಡಕ್ಕೆ ಮೂರು, ನೆಲದಲ್ಲಾದರೆ ಮುಕ್ಕಾಲು ಅಡಿಗೊಂದರಂತೆ, ತುದಿ ಮೇಲಾಗಿ ಎರಡು ಅಂಗುಲ ಆಳಕ್ಕೆ ಊರಬೇಕು. ಮೊದಲು ಒಂದು ಸಲ ಚೆನ್ನಾಗಿ ನೀರು ಕೊಟ್ಟು, ಮೊಳಕೆ ಕಾಣುವವರೆಗೆ ಕೈ ಬಿಗಿ ಹಿಡಿಯಬೇಕು. ನೆಟ್ಟ ಮೂರು-ನಾಲ್ಕು ತಿಂಗಳಿಗೆ, ಶ್ರಾವಣದ ಹೊತ್ತಿಗೆ, ಹೂದಂಡು ಬರುತ್ತದೆ.

ಒಮ್ಮೆ ಹೂ ಬಿಟ್ಟ ಸುಗಂಧರಾಜದ ಗಡ್ಡೆ ಮತ್ತೆ ಹೂ ಬಿಡುವುದಿಲ್ಲ. ಅದರ ಸುತ್ತ ಬಾಳೆಯ ಕಂದುಗಳಂತೆ ಹುಟ್ಟಿದ ಮರಿಗಡ್ಡೆಗಳು ಮುಂದಿನ ಹೂವಿನ ಹೊಣೆ ಹೊರುತ್ತವೆ. ಮೂರು ವರ್ಷಕ್ಕೆ ಬುಡವೆಲ್ಲ ಮರಿಗಳಿಂದ ತುಂಬಿ, ಎಲೆಯ ಪೊದೆ ಬೆಳೆದು ಹೂ ಕಡಿಮೆಯಾಗುತ್ತದೆ. ಗೊಬ್ಬರ ಕಮ್ಮಿಯಾಯಿತೆಂದು ಆಗ ಇನ್ನಷ್ಟು ಸುರಿದು ಪ್ರಯೋಜನವಿಲ್ಲ. ಜನವರಿ-ಫೆಬ್ರುವರಿಯಲ್ಲಿ ನೀರು ನಿಲ್ಲಿಸಿ, ಎಲೆ ಒಣಗಿದ ಮೇಲೆ ಕಿತ್ತು, ಮಣ್ಣು ಕೊಡವಿ, ಗಾಳಿಯಾಡುವ ನೆರಳಿನಲ್ಲಿ ಐದಾರು ವಾರ ಹರಡಿಟ್ಟು, ದಪ್ಪನೆಯವನ್ನು ಬೇರ್ಪಡಿಸಿ ನೆಡಬೇಕು.

ನೆಲಸಂಪಿಗೆಯ ಎಲೆಗಳು ನವೆಂಬರಿನಲ್ಲಿ ತಾವಾಗಿ ಹಳದಿಯಾಗಿ ಮಲಗುತ್ತವೆ. ಅಲ್ಲಿಂದ ನೀರು ನಿಲ್ಲಿಸಿ ಕುಂಡವನ್ನು ಮಳೆ ಬೀಳದ ಕಡೆ ಸರಿಸಿಡಬೇಕು; ಏಪ್ರಿಲ್‌ನ ಮೊದಲ ಮಳೆಗೆ ಹೊರಗಿಟ್ಟರಾಯಿತು. ಸುರುಳಿ ಹೂವಿನಲ್ಲಿ ಹೂ ಮುಗಿದ ದಂಟನ್ನು ಬುಡಕ್ಕೆ ಕೊಯ್ದರೆ ಹೊಸ ದಂಟು ಏಳುತ್ತದೆ. ಉಳಿದೆಲ್ಲ ಗಡ್ಡೆಗಿಡಗಳಲ್ಲಿ ಬಾಡಿದ ಹೂದಂಡನ್ನು ಮಾತ್ರ ತೆಗೆಯಬೇಕು. ಹಸಿರು ಎಲೆಯನ್ನು ಅಂದಕ್ಕೆಂದು ಕತ್ತರಿಸಿದರೆ ಗಡ್ಡೆ ಸೊರಗುತ್ತದೆ. ಮುಂದಿನ ವರ್ಷದ ಹೂವಿಗೆ ಆಹಾರ ಸೇರುವುದು ಆ ಎಲೆಗಳಿಂದಲೇ.

ಪೀಡೆಗಳು ಮತ್ತು ವಿಷ

ಮಳೆಗಾಲದ ದೊಡ್ಡ ಶತ್ರು ಆಫ್ರಿಕದ ದೈತ್ಯ ಶಂಖದ ಹುಳು. ರಾತ್ರಿ ಟಾರ್ಚು ಹಿಡಿದು ಆರಿಸಿ ಉಪ್ಪುನೀರಿನ ಬಕೆಟ್ಟಿಗೆ ಹಾಕುವುದು ನಂಬಬಹುದಾದ ಉಪಾಯ, ಬರಿಗೈಯಲ್ಲಿ ಮುಟ್ಟಬಾರದು. ಸ್ಪೈಡರ್ ಲಿಲ್ಲಿ, ಕ್ರೈನಮ್‌ಗಳಿಗೆ ಕಪ್ಪು, ಬಿಳಿ, ಕೆಂಪು ಬಣ್ಣದ ಲಿಲ್ಲಿ ಪತಂಗದ ಕಂಬಳಿಹುಳುಗಳು ಗುಂಪಾಗಿ ಮುತ್ತಿ ಎರಡೇ ದಿನದಲ್ಲಿ ಎಲೆ ಬರಿದು ಮಾಡುತ್ತವೆ. ಗಡ್ಡೆ ಉಳಿದಿದ್ದರೆ ಗಿಡ ಮತ್ತೆ ಚಿಗುರುತ್ತದೆ. ಸುಗಂಧರಾಜದ ಬೇರಿನಲ್ಲಿ ಗಂಟುಗಳು ಕಂಡರೆ ಅದು ಜಂತುಹುಳುವಿನ ಬಾಧೆ. ಆ ಮಣ್ಣನ್ನು ಬೇರೆ ಕುಂಡಕ್ಕೆ ಬಳಸಬಾರದು. ಬೇವಿನ ಹಿಂಡಿ ಇದನ್ನು ತಡೆಯಲು ನೆರವಾಗುತ್ತದೆ. ಶೃಂಗಾರ್ ತಳಿ ಇದನ್ನು ಸ್ವಲ್ಪ ತಾಳಿಕೊಳ್ಳುತ್ತದೆ. ನೆಲದಲ್ಲಿ ನೆಟ್ಟವನ್ನು ಹೆಗ್ಗಣ ಕೆದಕುವುದುಂಟು.

ಸ್ಪೈಡರ್ ಲಿಲ್ಲಿ, ಕ್ರೈನಮ್, ಯೂಕ್ಯಾರಿಸ್, ನರ್ಗಿಸ್‌ಗಳು ಒಂದೇ ಕುಟುಂಬದವು. ಅವುಗಳ ಗಡ್ಡೆಯಲ್ಲಿ ಲೈಕೊರಿನ್ ಎಂಬ ವಿಷವಸ್ತುವಿದ್ದು ತಿಂದರೆ ವಾಂತಿ, ಭೇದಿಯಾಗುತ್ತದೆ. ಈರುಳ್ಳಿಯಂತೆಯೇ ಕಾಣುವ ಈ ಗಡ್ಡೆಗಳನ್ನು ಅಡುಗೆಮನೆಯಲ್ಲಿ, ಫ್ರಿಜ್ಜಿನ ತರಕಾರಿಯ ಜೊತೆ ಹೆಸರು ಬರೆಯದೆ ಇಡಬಾರದು. ಮಕ್ಕಳು, ನಾಯಿಗಳಿರುವ ಮನೆಯಲ್ಲಿ ಎಚ್ಚರಿಕೆ ಬೇಕು. ಹಯಸಿಂತ್ ಗಡ್ಡೆ ಮುಟ್ಟಿದ ಕೈ ತುರಿಸುತ್ತದೆ.

ಬಳಕೆ

ಸುಗಂಧರಾಜವನ್ನು ಕೆಳಗಿನ ಎರಡು ಮೊಗ್ಗು ಅರಳಿದಾಗ ಸಂಜೆ ದಂಟು ಸಮೇತ ಕೊಯ್ದು ನೀರಿನಲ್ಲಿಟ್ಟರೆ ಉಳಿದವು ಮನೆಯೊಳಗೆ ಅರಳುತ್ತಾ ಹೋಗುತ್ತವೆ. ಮದುವೆಯ ಹಾರಕ್ಕೂ ಅಂತಿಮದರ್ಶನದ ಹಾರಕ್ಕೂ ಇದೇ ಹೂ ಬಳಕೆಯಾಗುವುದರಿಂದ ಮುಡಿಯಲು ಹಿಂಜರಿಯುವವರಿದ್ದಾರೆ; ದೇವರ ಪಟಕ್ಕೆ ಅಂಥ ಅಡ್ಡಿಯಿಲ್ಲ. ಸುರುಳಿ ಹೂವನ್ನು ಸಂಜೆಗೆ ಮೊದಲು ಮೊಗ್ಗಾಗಿರುವಾಗಲೇ ಬಿಡಿಸಿ ಮುಡಿಯುತ್ತಾರೆ. ಅದು ಜಡೆಯಲ್ಲೇ ಅರಳುತ್ತದೆ. ನೆಲಸಂಪಿಗೆಯನ್ನು ಕೀಳದೆ ನೋಡುವುದೇ ರೂಢಿ.

ದಕ್ಷಿಣ ಬೆಂಗಳೂರಿನ ತೋಟಗಳಲ್ಲಿ ಈ ಗಡ್ಡೆಗಳು ಹೆಚ್ಚಾಗಿ ಸಾಯುವುದು ಹುಳದಿಂದಲ್ಲ, ಮಮತೆಯಿಂದ. ಡಿಸೆಂಬರಿನಲ್ಲಿ ಎಲೆ ಒಣಗಿದ ಕುಂಡವನ್ನು ಕಂಡು ಗಿಡ ಬಾಡಿತೆಂದು ದಿನವೂ ನೀರು ಹುಯ್ದು ಕೊಳೆಸುವವರು ಕೆಲವರು. ಸತ್ತಿತೆಂದು ಮಣ್ಣನ್ನು ಮೂಲೆಗೆ ಸುರಿಯುವವರು ಕೆಲವರು. ಖಾಲಿ ಕಾಣುವ ಕುಂಡಕ್ಕೆ ಹೆಸರು ಬರೆದ ಒಂದು ಕಡ್ಡಿ ಚುಚ್ಚಿ ಅಶ್ವಿನಿ ಮಳೆಯವರೆಗೆ ಅದನ್ನು ಅದರ ಪಾಡಿಗೆ ಬಿಡಬೇಕು.